ಹುಬ್ಬಿನ ಗೆರೆ, ಕಣ್ಣಂಚಿನ ಗೆರೆ

ನರೆ, ತೆರೆ ಎಂಬ ಎರಡು ಮಾತುಗಳನ್ನು ನಮ್ಮ ಹಿರಿಯರು ಜೋಡಿಯಾಗಿಯೇ ಬಳಸುತ್ತ ಬಂದಿದ್ದಾರೆ. ಕೂದಲು ಬೆಳ್ಳಗಾಗುವುದು ನರೆ. ಚರ್ಮ ಸುಕ್ಕುಗಟ್ಟುವುದು ತೆರೆ. ಇವೆರಡರಲ್ಲಿ ನರೆಗೆ ಮದ್ದು ಬಹಳ ಹಿಂದೆಯೇ ಸಿಕ್ಕಿತು. ಗೋರಂಟಿ ಸೊಪ್ಪಿನಿಂದ ಹಿಡಿದು ಇಂದಿನ ಬಣ್ಣದ ಸೀಸೆಯವರೆಗೆ ಅದನ್ನು ಮರೆಮಾಡುವ ಉಪಾಯಗಳಿಗೆ ಈಗ ಯಾರೂ ನಾಚುವುದಿಲ್ಲ. ಆದರೆ ತೆರೆಯನ್ನು ಅಳಿಸಲು ಮುಖಕ್ಕೆ ಸೂಜಿ ಚುಚ್ಚಿಸಿಕೊಂಡವರ ಸುದ್ದಿ ಬಂದರೆ ಮಾತ್ರ ಹುಬ್ಬೇರಿಸುತ್ತೇವೆ. ಚುಚ್ಚಿಸಿಕೊಂಡವರಿಗೆ ಹಾಗೆ ಹುಬ್ಬೇರಿಸುವುದು ಅಷ್ಟು ಸುಲಭವಲ್ಲವೆಂಬುದು ಬೇರೆ ಮಾತು!

ಈ ಸೂಜಿಯಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಬೊಟಾಕ್ಸ್ ಎಂಬ ವ್ಯಾಪಾರದ ಹೆಸರಿನಿಂದ ಮನೆಮಾತಾಗಿರುವ ಬೊಟುಲಿನಮ್ ವಿಷ. ಕೆಟ್ಟ ಆಹಾರದಲ್ಲಿ ಬೆಳೆಯುವ ಒಂದು ಸೂಕ್ಷ್ಮಜೀವಿ ಇದನ್ನು ಹುಟ್ಟಿಸುತ್ತದೆ. ಕೆಟ್ಟ ಮಾಂಸ ತಿಂದು ಸತ್ತವರ ರೋಗಲಕ್ಷಣಗಳನ್ನು ಜರ್ಮನಿಯ ಯುಸ್ಟಿನಸ್ ಕೆರ್ನರ್ ಎಂಬ ವೈದ್ಯ ೧೮೨೦ರ ಆಸುಪಾಸಿನಲ್ಲಿ ವಿವರವಾಗಿ ಬರೆದಿಟ್ಟ. ನರದ ಅಪ್ಪಣೆ ಸ್ನಾಯುವಿಗೆ ಮುಟ್ಟದಂತೆ ತಡೆಯುವುದೇ ಈ ವಿಷದ ಕೆಲಸ. ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ ಬೇಕಾದ ಸ್ನಾಯುವನ್ನಷ್ಟೇ ಸಡಿಲಿಸಬಹುದೆಂದು ತೋರಿಸಿದವನು ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಅಲನ್ ಸ್ಕಾಟ್. ಅವನು ಅದನ್ನು ಬಳಸಿದ್ದು ಮೆಳ್ಳೆಗಣ್ಣನ್ನು ನೇರಮಾಡುವುದಕ್ಕೆ. ಅನಂತರ ಕೆನಡಾದ ವ್ಯಾಂಕೂವರಿನಲ್ಲಿ ಜೀನ್ ಕರುಥರ್ಸ್ ಎಂಬ ವೈದ್ಯೆ ಕಣ್ಣುರೆಪ್ಪೆಯ ಸೆಳೆತಕ್ಕೆ ಇದನ್ನು ಕೊಡುತ್ತಿದ್ದಾಗ, ರೋಗಿಯ ಹುಬ್ಬುಗಳ ನಡುವಣ ಗೆರೆಯೂ ಮಾಯವಾದದ್ದು ತಿಳಿದುಬಂತು. ಆಕೆಯೂ ಚರ್ಮವೈದ್ಯನಾದ ಆಕೆಯ ಪತಿಯೂ ೧೯೯೨ರಲ್ಲಿ ಈ ವಿಷಯವನ್ನು ಪ್ರಕಟಿಸಿದರು. ೨೦೦೨ರಲ್ಲಿ ಅಮೆರಿಕದ ಸರ್ಕಾರ ಹುಬ್ಬಿನ ಗೆರೆಗೆ ಇದನ್ನು ಬಳಸಲು ಒಪ್ಪಿಗೆ ಕೊಟ್ಟಿತು.

ಎರಡನೆಯದನ್ನು ಫಿಲ್ಲರ್ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹಯಲುರಾನಿಕ್ ಆಮ್ಲದ ಲೋಳೆ. ೧೯೩೪ರಲ್ಲಿ ಕಾರ್ಲ್ ಮೇಯರ್, ಜಾನ್ ಪಾಮರ್ ಎಂಬಿಬ್ಬರು ವಿಜ್ಞಾನಿಗಳು ಹಸುವಿನ ಕಣ್ಣಿನೊಳಗಿನ ತಿಳಿಯಾದ ಲೋಳೆಯಿಂದ ಈ ಪದಾರ್ಥವನ್ನು ಬೇರ್ಪಡಿಸಿದರು. ನೀರನ್ನು ಹಿಡಿದಿಟ್ಟುಕೊಳ್ಳುವ ಈ ವಸ್ತು ನಮ್ಮ ಚರ್ಮದಲ್ಲಿಯೂ ಇದೆ. ವಯಸ್ಸಾದಂತೆ ಅಲ್ಲಿ ಕಡಮೆಯಾಗುತ್ತದೆ. ಕೆನ್ನೆ ಇಳಿದು, ಮೂಗಿನ ಪಕ್ಕದಿಂದ ಬಾಯಂಚಿಗೆ ಬೀಳುವ ಹಳ್ಳವನ್ನು ಇದರಿಂದ ತುಂಬುತ್ತಾರೆ. ವಿಷದ ಪ್ರಭಾವ ೩-೪ ತಿಂಗಳು. ಲೋಳೆ ಆರು ತಿಂಗಳು, ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ನಿಲ್ಲುತ್ತದೆ. ವಿಷ ಪಕ್ಕಕ್ಕೆ ಹರಿದರೆ ರೆಪ್ಪೆ ಕೆಲವು ವಾರ ಜೋತುಬಿದ್ದೀತು. ಲೋಳೆಯನ್ನು ಕರಗಿಸಲು ಬೇರೊಂದು ಮದ್ದುಂಟು. ಆದರೂ ಅದು ರಕ್ತನಾಳದೊಳಕ್ಕೆ ಹೊಕ್ಕರೆ ಆ ಭಾಗದ ಚರ್ಮ ಸಾಯಬಹುದು, ತೀರ ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು.

ಬೆಂಗಳೂರಿನ ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿರುವ ನನ್ನ ಅಣ್ಣನ ಮಗಳು ಇತ್ತೀಚೆಗೆ ನನ್ನ ಮುಂದೆ ಇಟ್ಟದ್ದು ಈ ಆಯ್ಕೆಯನ್ನೇ. “ಚಿಕ್ಕಪ್ಪ, ಬೈಯುವುದಿದ್ದರೆ ಆಮೇಲೆ ಬೈಯಿರಿ. ಯಾವುದಾದೀತು, ಅದನ್ನು ಮೊದಲು ಹೇಳಿ” ಎಂದಳು. ಅವಳಿಗೆ ಐವತ್ತು ಸಮೀಪಿಸಿದೆ. ಹುಬ್ಬುಗಳ ನಡುವೆ ಎರಡು ಆಳವಾದ ಗೆರೆಗಳು ನಿಂತುಬಿಟ್ಟಿವೆ. ಸುಮ್ಮನೆ ಕುಳಿತಿದ್ದರೂ ಸಿಟ್ಟಾಗಿರುವಂತೆ ಕಾಣುತ್ತಾಳೆಂದು ಕೈಕೆಳಗಿನವರು ಹತ್ತಿರ ಬರಲು ಹಿಂಜರಿಯುತ್ತಾರಂತೆ. ಅದನ್ನವಳು ಸಹಿಸಿಯಾಳು. ಆದರೆ ಎಂಬತ್ತು ದಾಟಿದ ನಮ್ಮ ಅತ್ತಿಗೆಗೆ ಮರೆವಿನ ಕಾಯಿಲೆ; ಮಾತು ಅರ್ಥವಾಗುವುದು ಕಡಮೆಯಾಗಿದೆ, ಮುಖವನ್ನು ನೋಡಿಯೇ ಎಲ್ಲವನ್ನೂ ತಿಳಿಯಬೇಕು. ಮಗಳು ಸಂಜೆ ಮನೆಗೆ ಬಂದು ಎದುರು ಕುಳಿತರೆ, “ನಾನೇನಮ್ಮ ತಪ್ಪು ಮಾಡಿದೆ?” ಎಂದು ಕೇಳುತ್ತಾರೆ.

ಸುಕ್ಕು ಸತ್ಯ, ಸೂಜಿ ಸುಳ್ಳು ಎಂದು ಉಪದೇಶ ಮಾಡುವವರು ಇದಕ್ಕೇನು ಹೇಳುತ್ತಾರೋ ನಾನರಿಯೆ. ಮನಸ್ಸಿನಲ್ಲಿಲ್ಲದ ಸಿಟ್ಟನ್ನು ಮುಖ ಹೇಳುತ್ತಿದ್ದರೆ ಅಲ್ಲಿ ಸುಳ್ಳಾಡುತ್ತಿರುವುದು ಸುಕ್ಕೇ. ಪ್ರಕೃತಿ ಬರೆದದ್ದೆಲ್ಲ ನಿಜವೆಂಬ ನಂಬಿಕೆಯಿದ್ದರೆ ಕನ್ನಡಕವನ್ನೂ ಕಟ್ಟಿಸಿದ ಹಲ್ಲನ್ನೂ ತೆಗೆದಿಡಬೇಕಾದೀತು.

ಆದರೆ ಯಯಾತಿಯ ನೆನಪೂ ಆಗುತ್ತದೆ. ತನ್ನ ಮುಪ್ಪನ್ನು ಮಗನ ಮೇಲೆ ಹೊರಿಸಿ ಅವನು ಯೌವನವನ್ನು ಪಡೆದ. ಸೂಜಿಯ ಯೌವನಕ್ಕೆ ಹಾಗೆ ಪೂರುವೊಬ್ಬ ಬೇಕಾಗಿಲ್ಲವೆಂದು ತೋರುತ್ತದೆ. ಸ್ವಲ್ಪ ಯೋಚಿಸಿದರೆ ಇಲ್ಲಿಯೂ ಹೊರುವವರಿದ್ದಾರೆ. ಕಚೇರಿಯಲ್ಲಿ ಐವತ್ತರವಳೊಬ್ಬಳು ನಲವತ್ತರವಳಂತೆ ಕಂಡರೆ, ಪಕ್ಕದ ಮೇಜಿನ ಐವತ್ತರವಳಿಗೆ ಥಟ್ಟನೆ ಹತ್ತು ವರ್ಷ ಕೂಡಿಕೊಳ್ಳುತ್ತದೆ. ನಾಳೆ ಅವಳೂ ಹಣ ಹೊಂದಿಸಿಕೊಂಡು ಹೋಗಬೇಕು. ಗಂಡಸಿನ ಸುಕ್ಕನ್ನು ಅನುಭವವೆಂದೂ ಹೆಂಗಸಿನ ಸುಕ್ಕನ್ನು ಅಲಕ್ಷ್ಯವೆಂದೂ ಎಣಿಸುವ ನಾವೆಲ್ಲರೂ ಈ ಹೊರೆಯನ್ನು ಹೊರಿಸುವವರೇ. ಹಾಗಿರುವಾಗ ಹೋದವಳೊಬ್ಬಳನ್ನೇ ದೂರುವುದು ನ್ಯಾಯವಲ್ಲ.

ಮುಖ ನಮ್ಮದೆಂಬುದೇನೋ ಸರಿ. ಆದರೆ ಕನ್ನಡಿಯ ಮುಂದಿನ ನಾಲ್ಕು ನಿಮಿಷ ಬಿಟ್ಟರೆ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ; ದಿನದ ಉಳಿದ ಹೊತ್ತೆಲ್ಲ ಅದನ್ನು ಓದುವವರು ಬೇರೆಯವರು. ಆದ್ದರಿಂದ ಈ ಗೆರೆ ನನಗೆ ಚೆಂದವೇ ಎಂದು ಕೇಳಿಕೊಂಡರೆ ಸಾಲದು. ಇದು ಯಾರಿಗೆ ಏನು ಹೇಳುತ್ತಿದೆ ಎಂದೂ ಕೇಳಿಕೊಳ್ಳಬೇಕು. ತುಟಿಯನ್ನು ಬೇಕೆಂದಾಗ ಎಳೆದು ನಗಬಹುದು, ಆದರೆ ಮನಸ್ಸು ನಿಜವಾಗಿ ಅರಳಿದಾಗ ಮಾತ್ರ ಕಣ್ಣಿನ ಸುತ್ತಣ ಸ್ನಾಯು ಆ ನಗೆಯಲ್ಲಿ ಸೇರಿಕೊಳ್ಳುತ್ತದೆ ಎಂದು ಫ್ರಾನ್ಸಿನ ವೈದ್ಯ ಡ್ಯೂಶೆನ್ ೧೮೬೨ರಲ್ಲಿಯೇ ಬರೆದಿದ್ದಾನೆ. ಕಣ್ಣಂಚಿನ ಸುಕ್ಕುಗಳನ್ನು ಆಳಗೊಳಿಸಿರುವುದು ಆ ಸ್ನಾಯುವೇ. ಅದನ್ನು ಸಡಿಲಿಸಿದರೆ ಸುಕ್ಕಿನೊಡನೆ ನಗೆಯೂ ಅಷ್ಟಿಷ್ಟು ಮಂಕಾಗುತ್ತದೆ.

ಅವಳಿಗೆ ನಾನು ಹೇಳಿದ್ದಿಷ್ಟು: “ನೋಡಮ್ಮ, ಹುಬ್ಬಿನ ನಡುವಣ ಗೆರೆ ನಿಮ್ಮಮ್ಮನನ್ನು ಹೆದರಿಸುತ್ತಿದೆ, ತಿಳಿದ ವೈದ್ಯರ ಕೈಯಿಂದ ಅದನ್ನು ಸಡಿಲ ಮಾಡಿಸಿಕೊ. ಕಣ್ಣಂಚನ್ನು ಮಾತ್ರ ಮುಟ್ಟಿಸಬೇಡ. ನೀನು ನಗುತ್ತಿದ್ದೀಯೆಂದು ಅವರಿಗೆ ತಿಳಿಯುವುದು ಅಲ್ಲಿಂದ. ಕೆನ್ನೆಯ ಹಳ್ಳ ಯಾರಿಗೂ ಏನೂ ಹೇಳುತ್ತಿಲ್ಲ. ತುಂಬಿಸುವುದು, ಬಿಡುವುದು ನಿನ್ನಿಷ್ಟ. ಅಪಾಯವನ್ನು ಮಾತ್ರ ತೂಗಿ ನೋಡು.”

ಎಲ್ಲರಿಗೂ ಇದೇ ಉತ್ತರ ಹೊಂದೀತೆಂದು ನಾನು ಹೇಳಲಾರೆ. ಒಬ್ಬೊಬ್ಬರ ಮುಖವನ್ನು ಓದುವವರು ಒಬ್ಬೊಬ್ಬರು. ಈ ವಿಷದಲ್ಲಿ ಒಂದು ಗುಣವುಂಟು: ಅದರ ಪ್ರಭಾವ ನಾಲ್ಕು ತಿಂಗಳಲ್ಲಿ ಇಳಿದುಹೋಗಿ ಗೆರೆ ಮತ್ತೆ ಮೂಡುತ್ತದೆ. ಮತ್ತೆ ಹಣ ಕಟ್ಟುವ ಮೊದಲು ಮನೆಯವರ ಎದುರು ಒಂದು ಸಂಜೆ ಕುಳಿತು, ಅವರು ತನ್ನ ಮುಖದಲ್ಲಿ ಏನನ್ನು ಹುಡುಕುತ್ತಾರೆಂದು ನೋಡುವುದಕ್ಕೆ ಅಷ್ಟು ಬಿಡುವು ಸಾಕು.