ಜೋಳದ ರೊಟ್ಟಿಯ ಪ್ರಸಾದ



ಹನುಮಪ್ಪನ ಈ ಬೆಟ್ಟ ಹತ್ತಿ ಬರುವ ಅನೇಕರ ಕೈಯಲ್ಲಿ ಕಾಯಿ, ಎಲೆಹಾರದ ಜೊತೆಗೆ ಒಂದು ಪ್ಲಾಸ್ಟಿಕ್ ಚೀಲವೂ ಇರುತ್ತದೆ. ಚೀಲದೊಳಗೆ ಎಕ್ಸ್‌ರೇ, ಸ್ಕ್ಯಾನಿಂಗ್ ರಿಪೋರ್ಟು, ನಾಲ್ಕೈದು ಡಾಕ್ಟರ ಚೀಟಿಗಳು. ಸ್ವಾಮಿಯ ಪಾದಕ್ಕೆ ಮುಟ್ಟಿಸಿ ಕೊಡಿ ಅಂತ ಅರ್ಚಕರ ಕೈಗೆ ಕೊಡುತ್ತಾರೆ. ಸೊಂಟನೋವು, ತಲೆಶೂಲೆ, ಹೊಟ್ಟೆನೋವು. ಗುಳಿಗೆ ತಗೊಂಡರೆ ಹೋಗುತ್ತೆ, ಹದಿನೈದು ದಿನಕ್ಕೆ ಮತ್ತೆ ಬರುತ್ತೆ. ಒಂದೇ ಸಮನೆ ಇರುವ ನೋವಿಗಿಂತ ಹೀಗೆ ಹೋಗಿ ಬರುವ ನೋವು ಮನುಷ್ಯನನ್ನು ಹೆಚ್ಚು ಸೋಲಿಸುತ್ತದೆ. ಯಾಕಂದ್ರೆ ಪ್ರತಿ ಸಲವೂ ವಾಸಿಯಾಯ್ತು ಅಂತ ನಂಬಿ ಪ್ರತಿ ಸಲವೂ ಮೋಸ ಹೋಗಬೇಕು. ಅಂಥವರು ಮಂಟಪದಲ್ಲಿ ಕೂತು ದಣಿವಾರಿಸಿಕೊಳ್ಳುವಾಗ ಓದಲೆಂದು ಮಾನ್ವಿಯ ಶ್ರೀ ಜಗನ್ನಾಥದಾಸರ ಚರಿತ್ರೆಯನ್ನು ಇಲ್ಲಿ ಹೇಳಿದೆ.

ದಾಸರು ಹುಟ್ಟಿದ್ದು 1728ರಲ್ಲಿ, ರಾಯಚೂರು ಸೀಮೆಯ ಮಾನ್ವಿ ಹತ್ತಿರದ ಬ್ಯಾಗವಾಟದಲ್ಲಿ. ಮೊದಲ ಹೆಸರು ಶ್ರೀನಿವಾಸಾಚಾರ್ಯ. ಮಂತ್ರಾಲಯ ಮಠದ ಶ್ರೀ ವರದೇಂದ್ರ ತೀರ್ಥರಲ್ಲಿ ಓದಿದವರು. ಸಂಸ್ಕೃತದಲ್ಲಿ ಅವರೆದುರು ವಾದಕ್ಕೆ ನಿಲ್ಲುವವರು ಕಡಿಮೆ. ವಿದ್ಯೆ ಬಂತು, ಅದರ ಬೆನ್ನಿಗೆ ಗರ್ವವೂ ಬಂತು. ತಂಬೂರಿ ಹಿಡಿದು, ಗೆಜ್ಜೆ ಕಟ್ಟಿ, ಕನ್ನಡದಲ್ಲಿ ಪದ ಹೇಳಿ ಕುಣಿಯುವ ದಾಸರೆಂದರೆ ಅವರಿಗೆ ತಾತ್ಸಾರ.

ಆ ಕಾಲಕ್ಕೆ ಶ್ರೀ ವಿಜಯದಾಸರು ಮಾನ್ವಿಗೆ ಬಂದು ದೊಡ್ಡ ಅನ್ನಸಂತರ್ಪಣೆ ಇಟ್ಟುಕೊಂಡರು. ಆಚಾರ್ಯರನ್ನೂ ಊಟಕ್ಕೆ ಕರೆದರು. ಆಚಾರ್ಯರಿಗೆ ದಾಸರ ಪಂಕ್ತಿಯಲ್ಲಿ ಕೂರಲು ಮನಸ್ಸಿಲ್ಲ. ಹೊತ್ತು ಮೀರಿ ಉಂಡರೆ ನನಗೆ ಹೊಟ್ಟೆನೋವು ಬರುತ್ತದೆ ಅಂತ ಹೇಳಿ ಕಳಿಸಿದರು. ಇಲ್ಲದ ನೋವು. ಆಮೇಲೆ ಅದೇ ನೋವು ನಿಜವಾಗಿ ಬಂದು ಹೊಟ್ಟೆಯೊಳಗೆ ಮನೆ ಮಾಡಿಕೊಂಡಿತು ಎಂದು ಹಿರಿಯರು ಹೇಳುತ್ತಾರೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಹೊಟ್ಟೆನೋವು ಬಂದವರೆಲ್ಲ ಯಾರನ್ನೋ ಅವಮಾನ ಮಾಡಿದವರು ಅಂತ ಯಾರೂ ತಿಳಿಯಬಾರದು. ಹಾಲು ಕುಡಿಯುವ ಕೂಸಿಗೂ ಹೊಟ್ಟೆನೋವು ಬರುತ್ತದೆ. ಮನೆಯಲ್ಲಿ ನರಳುವವರಿಗೆ "ನಿನ್ನ ಕರ್ಮ" ಅನ್ನುವವರು ಈ ಕಥೆಯನ್ನು ಅದಕ್ಕೆ ಬಳಸದಿದ್ದರೆ ಒಳ್ಳೇದು. ಇದು ಆಚಾರ್ಯರೊಬ್ಬರ ಕಥೆ.

ಆಚಾರ್ಯರು ಔಷಧೋಪಚಾರ ಮಾಡಿದರು. ಗುಣ ಕಾಣಲಿಲ್ಲ. ಜಪ, ಪಾರಾಯಣ ಎಲ್ಲ ಆಯಿತು. ಕಡೆಗೆ ಬೆಟ್ಟ ಹತ್ತಿದರು. ಈಗಿನ ತಮಿಳುನಾಡಿನ ಶೋಲಿಂಗಪುರದಲ್ಲಿರುವ ಘಟಿಕಾಚಲ ಅದು. ಅಲ್ಲಿ ಎರಡು ಬೆಟ್ಟ. ದೊಡ್ಡದರ ಮೇಲೆ ಯೋಗ ನರಸಿಂಹಸ್ವಾಮಿ, 1305 ಮೆಟ್ಟಿಲು. ಚಿಕ್ಕದರ ಮೇಲೆ ಶಂಖಚಕ್ರ ಹಿಡಿದ ಚತುರ್ಭುಜ ಹನುಮಂತ, 406 ಮೆಟ್ಟಿಲು. ಹೊಟ್ಟೆ ಹಿಡಿದುಕೊಂಡು ಆ ಮೆಟ್ಟಿಲು ಹತ್ತಿ ಸೇವೆಗೆ ನಿಂತರು. ಅಲ್ಲಿ ಸ್ವಾಮಿ ಸ್ವಪ್ನದಲ್ಲಿ ಅಪ್ಪಣೆ ಕೊಟ್ಟ ಎನ್ನುತ್ತಾರೆ. ಅಪ್ಪಣೆ ಕೊಟ್ಟದ್ದು ಮಂತ್ರಾಲಯದ ರಾಯರು ಅಂತ ಹೇಳುವವರೂ ಇದ್ದಾರೆ. ಯಾರೇ ಕೊಡಲಿ, ಅಪ್ಪಣೆ ಒಂದೇ: ನಿನ್ನ ನೋವಿಗೆ ಮದ್ದು ಇಲ್ಲಿಲ್ಲ, ಇಳಿದು ಹೋಗು, ಯಾರ ಊಟ ಬೇಡ ಅಂದೆಯೋ ಅವರ ಬಾಗಿಲಿಗೆ ಹೋಗು.

ಭಕ್ತರು ಗಮನಿಸಬೇಕಾದ್ದು ಇದನ್ನೇ. ಮೆಟ್ಟಿಲು ಹತ್ತೋದು ಆಚಾರ್ಯರಿಗೆ ಕಷ್ಟವಾಗಿರಲಿಕ್ಕಿಲ್ಲ. ದೇವರ ಮುಂದೆ ಅಡ್ಡ ಬೀಳೋದಕ್ಕೆ ಯಾರಿಗೂ ನಾಚಿಕೆಯಿಲ್ಲ. ಆದರೆ ಊರಿಗೆ ವಾಪಸ್ ಹೋಗಿ, ನಾಲ್ಕು ಜನರ ಎದುರು, ತಾನು ಹೀಗಳೆದ ಮನುಷ್ಯನ ಕಾಲು ಹಿಡಿಯೋದು ಅಂದ್ರೆ ಸಾಮಾನ್ಯವಲ್ಲ. ಹಾದಿಯುದ್ದಕ್ಕೂ ಎಷ್ಟು ಸಲ ನಿಂತು ಯೋಚಿಸಿದರೋ. ಹೋದರು.

ವಿಜಯದಾಸರು ಸಿಟ್ಟು ಮಾಡಲಿಲ್ಲ. ತಾವೇ ಗುಣ ಮಾಡುತ್ತೇನೆ ಅಂತಲೂ ಹೇಳಲಿಲ್ಲ. ಶಿಷ್ಯರಾದ ಶ್ರೀ ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ಇದ್ದದ್ದು ಉತ್ತನೂರಿನಲ್ಲಿ; ಅದೀಗ ತೆಲಂಗಾಣದ ಗದ್ವಾಲ ಜಿಲ್ಲೆಗೆ ಸೇರಿದೆ. ಮಹಾ ಪಂಡಿತರು ಮತ್ತೊಂದು ಊರಿಗೆ, ಶಿಷ್ಯನ ಬಾಗಿಲಿಗೆ ಹೋಗಬೇಕಾಯಿತು. ಅಲ್ಲಿ ಅವರಿಗೆ ಸಿಕ್ಕಿದ್ದು ಭಸ್ಮವಲ್ಲ, ಲೇಹ್ಯವಲ್ಲ, ಜೋಳದ ರೊಟ್ಟಿ. ನೀರು ಕುಡಿದರೂ ನಿಲ್ಲದ ಹೊಟ್ಟೆಗೆ ಜೋಳದ ರೊಟ್ಟಿ! ಗೋಪಾಲದಾಸರು ಧನ್ವಂತರಿಯನ್ನು ನೆನೆದು, ಮಂತ್ರಿಸಿ ಕೊಟ್ಟರು. ಆಚಾರ್ಯರು ಎರಡು ಮಾತಾಡದೆ ತಿಂದರು. ಸಂತರ್ಪಣೆಯ ಪಕ್ವಾನ್ನ ಬೇಡವೆಂದವರು ರೊಟ್ಟಿಗೆ ಕೈಯೊಡ್ಡಿದರು. ನೋವು ಇಳಿಯಿತು, ಮತ್ತೆ ಬರಲಿಲ್ಲ.

ಅಷ್ಟೇ ಅಲ್ಲ. ಗುರುಗಳ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಇವರಿಗೆ ಧಾರೆಯೆರೆದರು ಎಂಬುದು ದಾಸ ಪರಂಪರೆಯಲ್ಲಿ ಎಲ್ಲರೂ ಹೇಳುವ ಮಾತು. ಗೋಪಾಲದಾಸರು 1762ರಲ್ಲಿ ನಲವತ್ತರ ಆಸುಪಾಸಿನ ವಯಸ್ಸಿನಲ್ಲೇ ಹೋದರು. ಶ್ರೀನಿವಾಸಾಚಾರ್ಯರು 1809ರವರೆಗೆ, ಎಂಬತ್ತು ದಾಟಿ ಬದುಕಿದರು. ಧನ್ವಂತರಿಯನ್ನು ಕುರಿತ ಗೋಪಾಲದಾಸರ ಪದವನ್ನು ಕಾಯಿಲೆ ಬಿದ್ದವರ ಮನೆಗಳಲ್ಲಿ ಇಂದಿಗೂ ಹಾಡುತ್ತಾರೆ.

ಕಾಯಿಲೆ ವಾಸಿಯಾದ ಮೇಲೆ ಆಚಾರ್ಯರು ಪಂಢರಪುರಕ್ಕೆ ಹೋಗಿ, ಚಂದ್ರಭಾಗಾ ನದಿಯಲ್ಲಿ ಜಗನ್ನಾಥವಿಠಲ ಎಂಬ ಅಂಕಿತ ಪಡೆದು ದಾಸರಾದರು. ಯಾವ ಕನ್ನಡವನ್ನು ಕೀಳೆಂದಿದ್ದರೋ ಅದೇ ಕನ್ನಡದಲ್ಲಿ, ಭಾಮಿನಿ ಷಟ್ಪದಿಯಲ್ಲಿ, 32 ಸಂಧಿಗಳ ಹರಿಕಥಾಮೃತಸಾರ ಬರೆದರು. ಸಾಲವಾಗಿ ಬಂದ ವರ್ಷಗಳನ್ನು ಸುಮ್ಮನೆ ಕಳೆಯಲಿಲ್ಲ.

ಈ ಕಥೆ ಕೇಳಿ ಇನ್ನು ಗುಳಿಗೆ ಬೇಡ, ಪ್ರಸಾದವೇ ಸಾಕು ಅನ್ನುವ ಭಕ್ತರೂ ಇರುತ್ತಾರೆ. ಹಾಗೆ ಮಾಡಬಾರದು. ಪದೇ ಪದೇ ಬರುವ ಹೊಟ್ಟೆನೋವಿಗೆ ಖಾರ, ಚಿಂತೆ ಇವೇ ಕಾರಣ ಅಂತ ಮೊದಲು ಹೇಳುತ್ತಿದ್ದರು. ಹೊಟ್ಟೆಹುಣ್ಣು ಬಹಳ ಜನಕ್ಕೆ ಒಂದು ಸೂಕ್ಷ್ಮಜೀವಿಯಿಂದ ಆಗುತ್ತದೆ ಎಂದು ತೋರಿಸಿದ ಆಸ್ಟ್ರೇಲಿಯಾದ ಇಬ್ಬರು ವೈದ್ಯರಿಗೆ 2005ರಲ್ಲಿ ನೊಬೆಲ್ ಬಹುಮಾನ ಬಂತು. ಅದಕ್ಕೆ ಸಾಮಾನ್ಯವಾಗಿ ಎರಡು ವಾರದ ಔಷಧಿ ಕೊಡುತ್ತಾರೆ. ನಾಲ್ಕು ದಿನಕ್ಕೆ ನೋವು ನಿಂತಿತು ಅಂತ ಅರ್ಧಕ್ಕೇ ಬಿಟ್ಟರೆ ನೋವು ತಿರುಗಿ ಬಂದೀತು. ಲಕ್ಷ್ಮಣ ಮೂರ್ಛೆ ಬಿದ್ದಾಗ ನಮ್ಮ ಹನುಮಪ್ಪ ಕಣ್ಣು ಮುಚ್ಚಿ ಕೂತು ಭಜನೆ ಮಾಡಲಿಲ್ಲ. ವೈದ್ಯ ಸುಷೇಣ ಹೇಳಿದ ಗಿಡಮೂಲಿಕೆಗೆ ಓಡಿದ, ಗಿಡ ಯಾವುದೆಂದು ಗೊತ್ತಾಗದೆ ಬೆಟ್ಟವನ್ನೇ ಹೊತ್ತು ತಂದ.

ಚೀಟಿಯಲ್ಲಿ ಬರೆದ ಔಷಧಿ ನಡೆಯಲಿ, ಹರಕೆಯೂ ನಡೆಯಲಿ. ಮೆಟ್ಟಿಲು ಇಳಿಯುವಾಗ, ಮಾತು ಬಿಟ್ಟ ಅಣ್ಣನ ಮನೆಯೋ, ಕರೆದರೂ ಹೋಗದ ಬೀಗರ ಮನೆಯೋ ನೆನಪಿಗೆ ಬಂದರೆ, ಅಲ್ಲಿ ಒಂದು ತುತ್ತು ಉಂಡು ಊರಿಗೆ ಹೋಗಬಹುದು. ಹೊಟ್ಟೆಗೆ ಗುಣವಾಗದೆ ಹೋದರೂ ಅದೊಂದು ಭಾರ ಇಳಿಯುತ್ತದೆ.

ಶ್ರೀ ಜಗನ್ನಾಥದಾಸರ ಸನ್ನಿಧಿ ರಾಯಚೂರು ಜಿಲ್ಲೆಯ ಮಾನ್ವಿಯಲ್ಲಿದೆ. ರಾಯಚೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಆರಾಧನೆ ಭಾದ್ರಪದ ಶುದ್ಧ ನವಮಿಗೆ.