ಪರೀಕ್ಷೆ ಒಂದೆಡೆ, ಕ್ರಯ ಒಂದೆಡೆ

ಗೃಹಸ್ಥನೊಬ್ಬನು ಮಗನನ್ನು ಕರೆದುಕೊಂಡು ಪೇಟೆಯ ಪಾದರಕ್ಷೆಯ ಅಂಗಡಿಗೆ ಹೋಗುತ್ತಾನೆ. ಅಂಗಡಿಯ ಆಳು ಮಂಡಿಯೂರಿ ಕುಳಿತು, ಹುಡುಗನ ಕಾಲಿಗೆ ಒಂದಾದ ಮೇಲೊಂದರಂತೆ ಏಳೆಂಟು ಜೋಡುಗಳನ್ನು ತೊಡಿಸಿ ನೋಡುತ್ತಾನೆ. ಕೊನೆಗೆ ಒಂದು ಸರಿಯಾಗಿ ಹೊಂದುತ್ತದೆ. ತಂದೆಯು ಅದರ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡು, “ಮತ್ತೆ ಬರುತ್ತೇವೆ” ಎಂದು ಹೇಳಿ ಹೊರಬೀಳುತ್ತಾನೆ. ಬೀದಿಯ ತಿರುವಿನಲ್ಲಿಯೇ ನಿಂತು, ಮೊಬೈಲಿನ ಮೂಲಕ ಅದೇ ಜೋಡನ್ನು ೨೦೦ ರೂಪಾಯಿ ಕಡಿಮೆ ಬೆಲೆಗೆ ತರಿಸಲು ಗೊತ್ತುಮಾಡುತ್ತಾನೆ. ಇದರಲ್ಲಿ ದೋಷವುಂಟೇ?

ಅಂತರ್ಜಾಲದ ಮೂಲಕ ಕೊಳ್ಳುವುದೇ ದೋಷವೆಂದು ಯಾರೂ ಹೇಳಲಾರರು. ೨೦೦೭ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್ ಸಂಸ್ಥೆಯು ಮೊದಲು ಮಾರಿದ್ದು ಪುಸ್ತಕಗಳನ್ನು. ಪುಸ್ತಕದಂಗಡಿಯೇ ಇಲ್ಲದ ಊರಿನ ವಿದ್ಯಾರ್ಥಿಗೆ ಇಂಥ ವ್ಯಾಪಾರವು ಸಣ್ಣ ಉಪಕಾರವಲ್ಲ. ಮೆಟ್ಟಿಲಿಳಿಯಲಾರದ ವೃದ್ಧೆಗೆ ಔಷಧವು ಮನೆಬಾಗಿಲಿಗೆ ಬರುತ್ತದೆ. ಇನ್ನು, ಯಾರನ್ನು ಒಂದು ಕಾಲದಲ್ಲಿ ಅಂಗಡಿಯ ಜಗಲಿ ಹತ್ತಗೊಡದೆ ದೂರದಿಂದಲೇ ಸಾಮಾನನ್ನು ಎಸೆಯುತ್ತಿದ್ದರೋ, ಅವರ ಮಕ್ಕಳಿಗೆ ಮೋರೆಯನ್ನೂ ಉಡುಪನ್ನೂ ನೋಡದೆ ಒಂದೇ ಬೆಲೆ ಹೇಳುವ ಅಂಗಡಿಯು ಎಷ್ಟು ಹಿತವೆಂಬುದನ್ನು ಹಳೆಯ ಪೇಟೆಯನ್ನು ಹೊಗಳುವವರು ಮರೆಯಬಾರದು.

ಕೊಂಡದ್ದನ್ನು ಹಿಂದಿರುಗಿಸುವ ಸೌಕರ್ಯವೂ ಹೊಸದಲ್ಲ. ಕೊಂಡವನಿಗಾಗಲಿ ಮಾರಿದವನಿಗಾಗಲಿ ಪಶ್ಚಾತ್ತಾಪವಾದರೆ ೧೦ ದಿನಗಳೊಳಗೆ ವ್ಯವಹಾರವನ್ನು ಮುರಿಯಬಹುದೆಂದು ಮನುಸ್ಮೃತಿಯು ವಿಧಿಸಿದೆ. ಯಾಜ್ಞವಲ್ಕ್ಯಸ್ಮೃತಿಯು ಪರೀಕ್ಷಿಸುವ ಅವಧಿಯನ್ನು ವಸ್ತುವಿಗೆ ತಕ್ಕಂತೆ ಹಂಚಿದೆ: ಬೀಜಕ್ಕೆ ೧೦ ದಿನ, ಕಬ್ಬಿಣಕ್ಕೆ ೧, ಹೊರೆಯ ಪಶುವಿಗೆ ೫, ರತ್ನಕ್ಕೆ ೭, ಕರೆಯುವ ಹಸುವಿಗೆ ೩. (ದಾಸದಾಸಿಯರನ್ನೂ ಇದೇ ಸಾಲಿನಲ್ಲಿ ಎಣಿಸಿರುವುದು ಆ ಕಾಲದ ಕಳಂಕ.) ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದುದು ಈ ಸ್ಮೃತಿಗೇ. ನಾರದನು ಇನ್ನೂ ಸೂಕ್ಷ್ಮವಾಗಿ ನೋಡುತ್ತಾನೆ. ಕೊಂಡ ದಿನವೇ ಕೆಡದಂತೆ ಹಿಂದಿರುಗಿಸಿದರೆ ನಷ್ಟವಿಲ್ಲ. ಎರಡನೆಯ ದಿನವಾದರೆ ಬೆಲೆಯ ಮೂವತ್ತನೆಯ ಒಂದು ಭಾಗ ಹೋಗುತ್ತದೆ. ಮೂರನೆಯ ದಿನ ಅದರ ಎರಡರಷ್ಟು. ಎಂದರೆ, ಪರೀಕ್ಷೆಗಾಗಿ ಸರಕನ್ನು ಬಿಟ್ಟುಕೊಡುವುದಕ್ಕೂ ಒಂದು ಬೆಲೆಯುಂಟೆಂಬುದನ್ನು ಆತನು ಕಂಡಿದ್ದನು. ಮದುವೆಗೆ ಉಟ್ಟ ಸೀರೆಯನ್ನು ಮರುದಿನ ಮಡಿಸಿ ಹಿಂದಕ್ಕೆ ಕಳುಹಿಸಿ ಪೂರ್ಣ ಹಣವನ್ನು ಪಡೆಯುವವರು ಇದನ್ನು ಆಲೋಚಿಸಬಹುದು.

ಆದರೆ ಆ ಶಾಸ್ತ್ರಗಳಲ್ಲೆಲ್ಲ ಪರೀಕ್ಷೆಯ ಶ್ರಮವನ್ನು ಹೊರುವವನೂ ಬೆಲೆಯನ್ನು ಪಡೆಯುವವನೂ ಒಬ್ಬನೇ. ಪಾದರಕ್ಷೆಯ ಪ್ರಸಂಗದಲ್ಲಿ ಅವರು ಇಬ್ಬರಾಗಿದ್ದಾರೆ.

ಇಲ್ಲಿ ಪೂರ್ವಪಕ್ಷವೊಂದುಂಟು. ಚಿಕ್ಕಪೇಟೆಯಲ್ಲಿ ಒಂದು ಅಂಗಡಿಯ ಸೀರೆಗಳನ್ನೆಲ್ಲ ಬಿಚ್ಚಿಸಿ ನೋಡಿ, ಪಕ್ಕದ ಅಂಗಡಿಯಲ್ಲಿ ಕೊಳ್ಳುವುದು ನಮ್ಮ ತಾಯಂದಿರ ಕಾಲದಿಂದಲೂ ನಡೆದು ಬಂದಿಲ್ಲವೇ? ಬಂದಿದೆ. ಆದರೆ ಅಲ್ಲಿ ಇಬ್ಬರೂ ಬಾಡಿಗೆ ತೆರುವವರು, ಇಬ್ಬರೂ ಆಳುಗಳನ್ನು ಇಟ್ಟವರು. ಇಂದು ಇವನು ಬಿಚ್ಚಿ ಮಡಿಸಿದ ಶ್ರಮದ ಫಲ ಅವನಿಗಾದರೆ, ನಾಳೆ ಅವನದು ಇವನಿಗಾಗುತ್ತದೆ. ಅಂತರ್ಜಾಲದ ವರ್ತಕನಾದರೋ ಮುಟ್ಟಿ ನೋಡಲು ಏನನ್ನೂ ತೆರೆದಿಡುವುದಿಲ್ಲ. ಆ ೨೦೦ ರೂಪಾಯಿಯ ಉಳಿತಾಯದಲ್ಲಿ ಮಂಡಿಯೂರಿದವನ ಕಾಲು ಗಂಟೆಯೂ ಸೇರಿದೆ. ಅದಕ್ಕೆ ಪ್ರತಿಯಾಗಿ ಆತನಿಗೆ ದೊರೆತದ್ದು “ಮತ್ತೆ ಬರುತ್ತೇವೆ” ಎಂಬ ಸುಳ್ಳು ಮಾತ್ರ. ಅದನ್ನು ಮಗನೂ ಕೇಳಿದ್ದಾನೆ.

ಕೊಳ್ಳಬೇಕೆಂದೇ ಬಂದು, ಬೆಲೆ ಎಟುಕದೆ ಹಿಂದಿರುಗುವವನ ಮಾತು ಬೇರೆ. ಅಂಗಡಿಯವನಿಗೆ ಇನ್ನೊಂದೆಡೆಯ ಬೆಲೆಯನ್ನು ನೇರವಾಗಿ ಹೇಳಿದರೆ ಆತನು ಇಳಿಸಿದರೂ ಇಳಿಸಬಹುದು, ಇಲ್ಲವೆಂದರೂ ಎನ್ನಬಹುದು. ಹೇಗಾದರೂ ಯಾರಿಗೂ ವಂಚನೆಯಾಗದು. ಇನ್ನು ೨೦೦ ರೂಪಾಯಿ ನಿಜವಾಗಿಯೂ ದೊಡ್ಡದಾಗಿರುವ ಮನೆಗಳುಂಟು. ಅಂಥ ತಂದೆಯು ಮನೆಯಲ್ಲಿಯೇ ಕಾಗದದ ಮೇಲೆ ಮಗನ ಪಾದವನ್ನಿರಿಸಿ, ಸುತ್ತಲೂ ಸೀಸದಕಡ್ಡಿಯಿಂದ ಗೆರೆ ಎಳೆದು ಅಳತೆ ತೆಗೆದುಕೊಳ್ಳಬಹುದು. ಸಂಜೆಯ ಹೊತ್ತಿಗೆ ಕಾಲು ತುಸು ಊದಿರುವುದರಿಂದ ಆಗ ಅಳೆಯುವುದೇ ಲೇಸು.