ಯಾರ ಜಗಲಿಯಿಂದ ನೋಡುತ್ತೇವೆ?

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತು ಒಮ್ಮೆ ಕಿವಿಗೊಟ್ಟು ಕೇಳಿ. ಪಕ್ಕದಲ್ಲಿ ಕುಳಿತವರು ಮೊದಲು ಊರನ್ನು ಕೇಳುತ್ತಾರೆ, ಅನಂತರ ಬೀದಿಯನ್ನು. ಬೀದಿ ತಿಳಿದ ಮೇಲೆ ಜಾತಿಯನ್ನು ಬಾಯಿಬಿಟ್ಟು ಕೇಳಬೇಕಾಗಿಲ್ಲ. ಇದು ನಮಗೆಷ್ಟು ಸಹಜವೆಂದರೆ, ಅದರಲ್ಲಿ ವಿಚಾರ ಮಾಡುವಂಥದ್ದು ಏನಾದರೂ ಇದೆಯೆಂದೇ ತೋರುವುದಿಲ್ಲ. ಸಮಾಜಶಾಸ್ತ್ರ ಆರಂಭವಾಗುವುದು ಅಲ್ಲಿಂದಲೇ.

ಈ ಶಾಸ್ತ್ರವನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. 1916ರಲ್ಲಿ ಮೈಸೂರಿನಲ್ಲಿ ಜನಿಸಿದ ಎಂ. ಎನ್. ಶ್ರೀನಿವಾಸರು 1948ರಲ್ಲಿ ನಮ್ಮ ಸೀಮೆಯದೇ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ ಜನಜೀವನವನ್ನು ಅಭ್ಯಸಿಸಿದರು. ಆ ಊರಿಗೆ ಅವರು ಇಟ್ಟ ಮರೆಹೆಸರು ರಾಂಪುರ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ಬಹುಮಟ್ಟಿಗೆ ನೆನಪಿನಿಂದಲೇ ಬರೆದ ಗ್ರಂಥ 1976ರಲ್ಲಿ ಹೊರಬಂತು. ಸಂಖ್ಯೆ, ಭೂಮಿ, ಅಧಿಕಾರಗಳಿಂದ ಒಂದು ಜಾತಿ ಊರನ್ನು ಹೇಗೆ ನಡೆಸುತ್ತದೆಂಬುದಕ್ಕೆ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಕೊಟ್ಟವರು ಅವರೇ. ಆದರೆ ನನಗೆ ಅದಕ್ಕಿಂತ ಹಿರಿದಾಗಿ ತೋರುವುದು ಅವರ ಪ್ರಾಮಾಣಿಕತೆ. ತಾವು ತಂಗಿದ್ದು ಊರ ಯಜಮಾನರಿಗೆ ಸೇರಿದ ಮನೆಯಲ್ಲಿ. ಆದ್ದರಿಂದ ತಾವು ಕಂಡದ್ದು ಮೇಲ್ಜಾತಿಯವರ ಕಣ್ಣಿಗೆ ಕಂಡ ಹಳ್ಳಿ ಎಂದು ಅವರು ಒಪ್ಪಿಕೊಂಡರು.

‘ನಮ್ಮ ಸಭೆಯಲ್ಲಿ ಭೇದವಿಲ್ಲ’ ಎನ್ನುವ ನಾವು ಯಾರ ಜಗಲಿಯಲ್ಲಿ ನಿಂತು ಹೀಗೆ ಹೇಳುತ್ತೇವೆ? ಚಿನ್ನದುಂಗುರದವನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲ ಬಳಿಯ ಜಾಗ ಎಂಬ ನಡತೆಯನ್ನು ಯಕೋಬನು ತನ್ನ ಪತ್ರದ 2ನೇ ಅಧ್ಯಾಯದಲ್ಲಿ ಖಂಡಿಸುತ್ತಾನೆ. ಅವನು ಬರೆದದ್ದು ಭಕ್ತರ ಸಭೆಗೇ ಎಂಬುದನ್ನು ಮರೆಯಬೇಡಿ. ಧರ್ಮಸಭೆಯೊಳಗೂ ಜಾತಿಭೇದವಿದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರು 2016ರಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದ್ದಾರೆ.

ನನ್ನದೇ ಒಂದು ಮಾತು. ಹಿಂದೊಮ್ಮೆ ಹಳ್ಳಿಯೊಂದರಲ್ಲಿ ಮನೆಗಳನ್ನು ಆಶೀರ್ವದಿಸುತ್ತಿದ್ದಾಗ ವೃದ್ಧ ತಾಯಿಯೊಬ್ಬರು, “ನಮ್ ಬೀದಿಗೂ ಬತ್ತೀರಿ ಸ್ವಾಮಿ, ಊಟ ಮಾತ್ರ ಯಾವಾಗ್ಲೂ ಆ ಕಡೆನೇ ಯಾಕೆ?” ಎಂದರು. “ಅಲ್ಲಿ ಮನೆ ದೊಡ್ಡದಮ್ಮಾ” ಎಂದೆ. ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಈ ಏರ್ಪಾಡನ್ನು ಮಾಡಿದವರು ಯಾರೆಂದು ಆಮೇಲೆ ವಿಚಾರಿಸಿದರೆ, ಯಾರೂ ಮಾಡಿರಲಿಲ್ಲ. ಮೊದಲಿನಿಂದ ಹಾಗೇ ನಡೆದು ಬಂದಿತ್ತು, ಅಷ್ಟೆ.

ಮರುವರ್ಷ ಆಕೆಯ ಮನೆಯಲ್ಲಿ ಮುದ್ದೆ, ಉಪ್ಪುಸಾರು ಉಂಡೆ. ಅದರ ಮುಂದಿನ ಭಾನುವಾರ ಆ ದೊಡ್ಡ ಮನೆಯವರು ಬಲಿಪೂಜೆಗೆ ಬರಲಿಲ್ಲ. ಏಕೆಂದು ನಾನು ಕೇಳಲಿಲ್ಲ, ಕೇಳಬೇಕಾಗಿತ್ತು.